ಕುಡುಗೋಲಿಗೆ ಕಂಡ ತಾಮ್ರ

ಅಕ್ಟೋಬರ್ ಚಾಟ್ನಿ ಮುಗಿದು ಬಳ್ಳಿ ಚಿಗುರುವ ಹೊತ್ತಿಗೆ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿಯಿತೆಂದರೆ ಇಲ್ಲಿ ಎರಡು ದಿನ ಮೋಡ, ಒಂದಿಷ್ಟು ಜಿಟಿಜಿಟಿ ಮಳೆ. ಅಷ್ಟೇ ಸಾಕು, ಎಲೆಯ ಅಡಿಯಲ್ಲಿ ಬಿಳಿ ಬೂಜು ಹಬ್ಬಿಬಿಡುತ್ತದೆ. ರೈತರು ಅದನ್ನು ‘ಡೌನಿ’ ಎನ್ನುತ್ತಾರೆ. ಆಗ ತೋಟದ ಮೂಲೆಯಲ್ಲಿ ಬ್ಯಾರಲ್‌ಗಳು ಸಾಲುಗಟ್ಟುತ್ತವೆ. ಒಂದರಲ್ಲಿ ನವಿಲುಬಣ್ಣದ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣದ ತಿಳಿ. ಎರಡನ್ನೂ ಬೆರೆಸಿದಾಗ ಹದವಾಗಿದೆಯೋ ಇಲ್ಲವೋ ನೋಡಲು ಯಾವ ಉಪಕರಣವೂ ಬೇಕಿಲ್ಲ. ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಕಬ್ಬಿಣದ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣ ಬೀಳುತ್ತದೆ. ಕುಡುಗೋಲು ಕುಡುಗೋಲಾಗಿಯೇ ಹೊರಬಂದರೆ ಔಷಧ ಸಿದ್ಧ.

ಈ ಕುಡುಗೋಲಿನ ಪರೀಕ್ಷೆಯಲ್ಲಿ ಒಂದು ದೊಡ್ಡ ವಿಜ್ಞಾನ ಅಡಗಿದೆ. ಬ್ಯಾರಲ್‌ನಲ್ಲಿ ಸುಣ್ಣ ಹಾಕುವ ಮೊದಲು ಎಷ್ಟು ತಾಮ್ರ ಇತ್ತೋ ಹಾಕಿದ ಮೇಲೂ ಅಷ್ಟೇ ಇರುತ್ತದೆ. ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಆದರೆ ಮೊದಲು ಕುಡುಗೋಲಿಗೆ ಕಂಡ ತಾಮ್ರ ಆಮೇಲೆ ಕಾಣುವುದಿಲ್ಲ. ಸುಣ್ಣ ಬೀಳುವ ಮುನ್ನ ತಾಮ್ರದ ಪರಮಾಣುಗಳು ವಿದ್ಯುದಾವೇಶ ಹೊತ್ತ ಒಂಟಿ ಅಯಾನುಗಳಾಗಿ ನೀರಿನಲ್ಲಿ ಸ್ವತಂತ್ರವಾಗಿ ಅಲೆಯುತ್ತಿದ್ದವು. ಕಬ್ಬಿಣ ಸಿಕ್ಕ ಕೂಡಲೇ ಅದರ ಮೇಲೆ ಕೂತವು. ಸುಣ್ಣ ಬಿದ್ದ ಮೇಲೆ ಅವೇ ಪರಮಾಣುಗಳು ನೀಲಿ ಗಸಿಯಾಗಿ ಕಟ್ಟುಬಿದ್ದವು. ನೀರಿನಲ್ಲಿ ಲೋಹ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ರೂಪದಲ್ಲಿದೆ ಎಂಬುದು ಮುಖ್ಯ. ಕೆರೆ, ಹೊಳೆ, ಬಾವಿಗಳ ಲೋಹಗಳನ್ನು ಅಭ್ಯಸಿಸುವವರಿಗೆ ಇದು ಪಕ್ಕಾ ಅರ್ಥವಾದದ್ದು ಕಳೆದ ನಾಲ್ಕೈದು ದಶಕಗಳಲ್ಲಿ. ತೋಟದ ಕುಡುಗೋಲಿಗೆ ಅದಕ್ಕಿಂತ ಬಹಳ ಮುಂಚೆಯೇ ಗೊತ್ತಿತ್ತು.

ಬ್ಯಾರಲ್‌ನಲ್ಲಿರುವುದು ಬೋರ್ಡೊ ದ್ರಾವಣ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ರಸ್ತೆಬದಿಯ ದ್ರಾಕ್ಷಿ ಕಿತ್ತು ತಿನ್ನುವುದನ್ನು ತಡೆಯಲು ಅಂಚಿನ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುವ ರೂಢಿಯಿತ್ತು. ನೋಡಲು ವಿಷದಂತೆ ಕಾಣಲಿ ಎಂದು ಅಷ್ಟೆ. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ, ಬೂಜು ರೋಗಕ್ಕೆ ಸಿಕ್ಕು ಎಲೆ ಉದುರಿದ ತೋಟದಲ್ಲಿ ಈ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡರು. 1885ರಲ್ಲಿ ಅವರು ಮದ್ದನ್ನು ಪ್ರಕಟಿಸಿದರು. ಕಳ್ಳರಿಗೆಂದು ಬಳಿದದ್ದು ರೋಗಕ್ಕೆ ಔಷಧವಾಯಿತು. ಕರ್ನಾಟಕಕ್ಕೂ ಇದು ಬೇಗನೆ ಬಂತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಕೆಲಸಕ್ಕೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣವನ್ನು ಹೊಡೆಸಿ ತೋರಿಸಿದರು. ಅಂದಿನಿಂದ ಇಂದಿನವರೆಗೂ ಮಳೆಗಾಲ ಬಂತೆಂದರೆ ಅಡಿಕೆ ತೋಟಕ್ಕೆ ಮೈಲುತುತ್ತ ಬೇಕೇ ಬೇಕು.

ಈಗ ಒಂದು ಸಣ್ಣ ಲೆಕ್ಕ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ, ಉಳಿದದ್ದು ಗಂಧಕ, ಆಮ್ಲಜನಕ ಮತ್ತು ನೀರು. ನೂರು ಲೀಟರಿಗೆ ಒಂದು ಕಿಲೋದಂತೆ ಬೆರೆಸಿ, ಎಕರೆಗೆ 400 ಲೀಟರ್ ಹೊಡೆದರೆ ಒಂದೇ ಸಿಂಪಡಣೆಯಲ್ಲಿ ಎಕರೆಗೆ ಒಂದು ಕಿಲೋ ತಾಮ್ರ ಬೀಳುತ್ತದೆ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಯಾವ ಸೂಕ್ಷ್ಮಜೀವಿಯೂ ಅದನ್ನು ತಿಂದು ಬೇರೆ ಮಾಡುವುದಿಲ್ಲ. ಬಿದ್ದದ್ದು ಇದ್ದೇ ಇರುತ್ತದೆ. ಯುರೋಪಿನ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಕಿಲೋ ಒಂದಕ್ಕೆ ನೂರಾರು ಮಿಲಿಗ್ರಾಂ ತಾಮ್ರ ಕೂಡಿಕೊಂಡದ್ದು ಹೀಗೆಯೇ. ಆ ಕಾರಣಕ್ಕೆ ಯುರೋಪಿನ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಹೊಡೆಯಕೂಡದು ಎಂದು 2018ರಲ್ಲಿ ನಿಯಮ ಮಾಡಿತು.

ವಿಜಯಪುರದ ರೈತನಿಗೆ ಇಲ್ಲಿ ಒಂದು ಸಮಾಧಾನವುಂಟು. ಅವನ ಎರೆಮಣ್ಣು ತಾಮ್ರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕಪ್ಪು ಬಸಾಲ್ಟ್ ಕಲ್ಲು ಸವೆದು ಆದ ಈ ಮಣ್ಣಿನ ಜೇಡಿ ತೆಳುವಾದ ಹಾಳೆಗಳ ಕಟ್ಟು. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಒಂದು ಪಾಲು ತೆಗೆದುಕೊಂಡರೆ ಎಷ್ಟೋ ಅಷ್ಟು. ಮಳೆ ಬಿದ್ದರೆ ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡವರಿಗೆ ನ್ಯಾನೋ ತಂತ್ರದ ಪರಿಚಯ ಆದಂತೆಯೇ. ಈ ಹಾಳೆಗಳ ಮೇಲ್ಮೈ ಋಣಾವೇಶದ್ದು, ತಾಮ್ರದ ಅಯಾನು ಧನಾವೇಶದ್ದು. ಹೀಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜೊತೆಗೆ ಮಣ್ಣಿನಲ್ಲಿ ಸುಣ್ಣದ ಹರಳೂ ಧಾರಾಳ. ತಾಮ್ರ ಕರಗಿ ಕೆಳಗಿಳಿದು ಕೊಳವೆಬಾವಿ ಸೇರುವ ಸಂಭವ ಇಲ್ಲಿ ಕಡಿಮೆ.

ಆದರೆ ಮಣ್ಣೇ ಎದ್ದು ಹೊರಟರೆ? ಒಂದು ಜೋರು ಮಳೆಗೆ ಎರೆಹೊಲದ ನೀರು ಚಹದ ಬಣ್ಣಕ್ಕೆ ತಿರುಗಿ ಹಳ್ಳಕ್ಕೆ ಇಳಿಯುತ್ತದೆ. ಅದರೊಂದಿಗೆ ಜೇಡಿಯ ಬೆನ್ನೇರಿ ತಾಮ್ರವೂ ಹೊರಡುತ್ತದೆ. ಹಳ್ಳದಿಂದ ಕೆರೆಗೆ, ಇಲ್ಲವೇ ಜತ್ತ ಸೀಮೆಯಿಂದ ಹರಿದು ಬಂದು ಕೃಷ್ಣೆಯನ್ನು ಸೇರುವ ಡೋಣಿಗೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತಿದೆ. ಕಾಳು ಕೊಡುವ ಆ ಮೆಕ್ಕಲುಮಣ್ಣೇ ಲೋಹಗಳ ಬಂಡಿಯೂ ಹೌದು.

ಇಂಥ ಲೋಹಗಳನ್ನು ಲೇಶಲೋಹಗಳು ಎನ್ನುವುದುಂಟು. ತಾಮ್ರ, ಸತು, ನಿಕ್ಕಲ್, ಸೀಸ, ಕ್ಯಾಡ್ಮಿಯಂ ಮುಂತಾದವು. ನೀರಿನಲ್ಲಿ ಇವುಗಳ ಅಳತೆ ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿ ಪಾಲು ನೀರಿಗೆ ಒಂದು ಪಾಲು ಲೋಹ. ಇಷ್ಟು ಸ್ವಲ್ಪಕ್ಕೆ ಯಾರಿಗೇನು ತೊಂದರೆ ಎನಿಸಬಹುದು. ತಾಮ್ರದ ಕೊಡವನ್ನೇ ನೋಡಿ. ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವ ಹಳೆಯ ಪದ್ಧತಿಯನ್ನು ಬೆಂಗಳೂರಿನ ಆಯುರ್ವೇದ ಸಂಶೋಧಕರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಹದಿನಾರು ತಾಸು ಇಟ್ಟ ನೀರಿನಲ್ಲಿ ಕಾಲರಾ, ಆಮಶಂಕೆಯ ರೋಗಾಣುಗಳು ಬದುಕಿ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯನಿಗೆ 2,000ದವರೆಗೂ ಚಿಂತೆಯಿಲ್ಲ ಎನ್ನುತ್ತದೆ.

ಮನುಷ್ಯನಿಗೆ ಚಿಂತೆಯಿಲ್ಲ, ನಿಜ. ಅದೇ ನೀರಿಗೆ ಒಂದು ನೀರುಚಿಗಟವನ್ನು ಬಿಟ್ಟರೆ ಕಥೆ ಬೇರೆ. ಸಾಸಿವೆಗಿಂತ ಚಿಕ್ಕದಾದ ಈ ಜೀವಿ ಕೆರೆಯ ಹಸಿರು ಪಾಚಿಯನ್ನು ಮೇಯುತ್ತದೆ, ಮರಿಮೀನುಗಳಿಗೆ ಆಹಾರವಾಗುತ್ತದೆ. ಮೃದು ನೀರಿನಲ್ಲಿ ಲೀಟರಿಗೆ ಹತ್ತು ಇಪ್ಪತ್ತು ಮೈಕ್ರೋಗ್ರಾಂ ತಾಮ್ರವೇ ಅದರ ಜೀವಕ್ಕೆ ಸಂಚಕಾರ ತರಬಲ್ಲದು. ಮೀನಿನ ಕಿವಿರುಗಳಿಗೂ ಇದೇ ಗತಿ. ಸಿಹಿನೀರಿನ ಜೀವಿಗಳು ಹೊರಗಿನ ಸಪ್ಪೆ ನೀರಿನಿಂದ ಸೋಡಿಯಂ ಉಪ್ಪನ್ನು ಕಿವಿರಿನ ಮೂಲಕ ಎಳೆದುಕೊಂಡೇ ಬದುಕಬೇಕು. ತಾಮ್ರದ ಅಯಾನು ಆ ಬಾಗಿಲಲ್ಲೇ ಕೂತುಬಿಡುತ್ತದೆ. ಉಪ್ಪು ಒಳಗೆ ಬರುವುದು ನಿಲ್ಲುತ್ತದೆ, ಒಳಗಿದ್ದದ್ದು ಸೋರಿಹೋಗುತ್ತದೆ.

ವಿಜಯಪುರದ ಗಡಸು ನೀರಿನ ಒಳ್ಳೆಯತನ ಕಾಣುವುದು ಇಲ್ಲಿಯೇ. ಬೇಳೆ ಬೇಯದ, ಸಾಬೂನು ನೊರೆಗಟ್ಟದ ಈ ನೀರನ್ನು ಗೃಹಿಣಿಯರು ಬೈಯದ ದಿನವಿಲ್ಲ. ಆದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಕಿವಿರಿನ ಬಾಗಿಲಲ್ಲಿ ತಾಮ್ರದೊಂದಿಗೆ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ನೀರಿನ ಕ್ಷಾರತೆ ತಾಮ್ರವನ್ನು ಕಾರ್ಬೊನೇಟಾಗಿ ಕಟ್ಟಿಹಾಕುತ್ತದೆ. ಕೊಳೆತ ಎಲೆ, ಬೇರಿನಿಂದ ಬರುವ ಕಂದು ಬಣ್ಣದ ಸಾವಯವ ಪದಾರ್ಥವೂ ಅದನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಶರಾವತಿ, ತುಂಗೆಯ ತಲೆಯ ಕಡೆಯ ಮೃದು ನೀರಿನಲ್ಲಿ ಮೀನಿಗೆ ಮಾರಕವಾಗುವಷ್ಟು ತಾಮ್ರ ಬಬಲೇಶ್ವರದ ಕೆರೆಯಲ್ಲಿ ಏನೂ ಮಾಡದೇ ಇರಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ 2007ರಲ್ಲಿ ತಾಮ್ರಕ್ಕೆ ಎಲ್ಲ ನೀರಿಗೂ ಅನ್ವಯಿಸುವ ಒಂದೇ ಮಿತಿ ಸಾಲದೆಂದು, ಆಯಾ ನೀರಿನ ಗುಣ ನೋಡಿ ಮಿತಿ ಲೆಕ್ಕ ಹಾಕುವ ಕ್ರಮಕ್ಕೆ ಬಂತು. ಮಲೆನಾಡಿನ ತೋಟಗಾರನೂ ಬಯಲುಸೀಮೆಯ ತೋಟಗಾರನೂ ಒಂದೇ ಮೈಲುತುತ್ತ ಹೊಡೆಯುತ್ತಾರೆ. ಹೊಳೆಗೆ ಆಗುವ ಪರಿಣಾಮ ಒಂದೇ ಅಲ್ಲ. ನಮ್ಮ ಚರ್ಚೆಗಳಲ್ಲಿ ಇದು ಬರುವುದೇ ಅಪರೂಪ.

ವಿಜಯಪುರದಲ್ಲಿ ಜಲನಗರವೆಂದೇ ಒಂದು ಬಡಾವಣೆಯಿದೆ. ಆದರೆ ಆದಿಲ್‌ಶಾಹಿಗಳ ಕಾಲಕ್ಕೆ ಊರಿಗೆ ಊರೇ ಜಲನಗರ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ, ಸುತ್ತ ಗಾರೆ ಕಟ್ಟಿದ ಭದ್ರ ಕವಚದೊಳಗೆ ನೀರು ಊರಿಗೆ ಹರಿಯುತ್ತಿತ್ತು. ದಾರಿಯುದ್ದಕ್ಕೂ ‘ಗಂಜ್’ ಎಂಬ ಗೋಪುರಗಳು. ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರದ ಈ ಗೋಪುರಗಳಲ್ಲಿ ಕೆಲವು ಇಂದಿಗೂ ಊರ ನಡುವೆ ನಿಂತಿವೆ. ಇವುಗಳಿಗೆ ಎರಡು ಕೆಲಸ. ನೀರಿನ ಒತ್ತಡ ತಗ್ಗಿಸಿ ಕೊಳವೆ ಒಡೆಯದಂತೆ ನೋಡಿಕೊಳ್ಳುವುದು ಒಂದು. ನೀರು ಮೇಲೇರುವಾಗ ಕೆಸರು ತಳದಲ್ಲಿ ನಿಂತು, ತಿಳಿ ಮಾತ್ರ ಮುಂದೆ ಹೋಗುವಂತೆ ಮಾಡುವುದು ಇನ್ನೊಂದು.

ಕೆಸರಿನ ಬೆನ್ನೇರಿದ ಲೋಹ ಗಂಜ್‌ನ ತಳದಲ್ಲಿಯೇ ಉಳಿಯಿತು ಎಂದಾಯಿತು. ಕರಗಿದ ಲೋಹ ಮುಂದಕ್ಕೆ ಹೋಯಿತು. ಈ ಎರಡರ ನಡುವಿನದ್ದು? ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ಗಾತ್ರದ ಮರಳಿನ ಕಣ ಒಂದು ಮೀಟರ್ ನೀರಿನಲ್ಲಿ ತಳ ಮುಟ್ಟಲು ಎರಡು ನಿಮಿಷ ಸಾಕು. ಅದೇ ಮಣ್ಣಿನ ಕಣ ನೂರು ನ್ಯಾನೋಮೀಟರಿನಷ್ಟು ಚಿಕ್ಕದಾದರೆ ಅಷ್ಟೇ ಆಳಕ್ಕೆ ಇಳಿಯಲು ಲೆಕ್ಕದ ಪ್ರಕಾರ ಮೂರು ವರ್ಷಕ್ಕೂ ಹೆಚ್ಚು ಬೇಕು. ನಿಜವಾಗಿ ಅದು ಇಳಿಯುವುದೇ ಇಲ್ಲ. ನೀರಿನ ಅಣುಗಳು ಅದನ್ನು ಸುತ್ತಲಿಂದ ಗುದ್ದಿ ಗುದ್ದಿ ತೇಲಿಸುತ್ತಲೇ ಇರುತ್ತವೆ. ಕರಗಿಯೂ ಇಲ್ಲದ, ತಳವನ್ನೂ ಸೇರದ ಈ ವರ್ಗಕ್ಕೆ ನ್ಯಾನೋ ಕಣಗಳು ಎಂದು ಹೆಸರು. ಒಂದರಿಂದ ನೂರು ನ್ಯಾನೋಮೀಟರ್ ಇವುಗಳ ಗಾತ್ರ. ಮನುಷ್ಯನ ಕೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್.

ಇವತ್ತಿನ ಪ್ರಯೋಗಾಲಯವೂ ಈ ವಿಷಯದಲ್ಲಿ ಗಂಜ್‌ಗಿಂತ ತೀರ ಮುಂದೆ ಹೋಗಿಲ್ಲ. ನೀರಿನ ಮಾದರಿಯನ್ನು 450 ನ್ಯಾನೋಮೀಟರ್ ರಂಧ್ರದ ಸೋಸುಪೊರೆಯಲ್ಲಿ ಸೋಸಿ, ಕೆಳಗೆ ಬಂದದ್ದನ್ನೆಲ್ಲ ‘ಕರಗಿದ್ದು’ ಎಂದು ಬರೆದುಕೊಳ್ಳುವುದು ಎಲ್ಲೆಡೆಯ ರೂಢಿ. ನ್ಯಾನೋ ಕಣಗಳು ಆ ರಂಧ್ರದಲ್ಲಿ ಆನೆಬಾಗಿಲಿನಲ್ಲಿ ಇರುವೆ ನುಗ್ಗಿದಂತೆ ನುಗ್ಗುತ್ತವೆ. ವರದಿಯಲ್ಲಿ ಮಾತ್ರ ಅವೂ ಕರಗಿದ ಲೋಹವೇ.

ಗಾತ್ರ ಚಿಕ್ಕದಾದರೆ ಆಗುವುದೇನು ಎಂಬುದಕ್ಕೆ ವಿಜಯಪುರದಲ್ಲಿಯೇ ಉದಾಹರಣೆಯಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. ತಾಮ್ರ ಮತ್ತು ತವರದ ಮಿಶ್ರಲೋಹ. ಶತಮಾನಗಳ ಮಳೆ, ಬಿಸಿಲು ಕಂಡರೂ ಅದರಿಂದ ಯಾವ ಬಾವಿಯೂ ಕೆಟ್ಟಿಲ್ಲ. ಅಷ್ಟೊಂದು ತಾಮ್ರವಿದ್ದರೂ ನೀರಿಗೆ ಸಿಗುವುದು ಹೊರಮೈ ಮಾತ್ರ, ಆ ಮೈಯೂ ಕಿಲುಬಿನ ಪೊರೆ ಹೊದ್ದುಕೊಂಡಿದೆ. ಒಂದು ಸೆಂಟಿಮೀಟರಿನ ಲೋಹದ ಘನಕ್ಕೆ ಇರುವ ಮೇಲ್ಮೈ ಆರು ಚದರ ಸೆಂಟಿಮೀಟರ್. ಅದನ್ನೇ ಹತ್ತು ನ್ಯಾನೋಮೀಟರಿನ ಚೂರುಗಳಾಗಿ ಕತ್ತರಿಸಿದರೆ ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ತೂಕ ಅಷ್ಟೇ. ನೀರಿಗೆ ತೆರೆದ ಬಾಗಿಲುಗಳು ಹತ್ತು ಲಕ್ಷ ಪಟ್ಟು.

ನ್ಯಾನೋ ಬೆಳ್ಳಿಯ ಬಳಕೆ ಹೆಚ್ಚಿದ್ದು ಇದೇ ಗುಣಕ್ಕಾಗಿ. ರೋಗಾಣು ಕೊಲ್ಲುತ್ತದೆಂದು ನೀರಿನ ಫಿಲ್ಟರುಗಳಿಗೆ ಬಂತು, ಬೆವರಿನ ವಾಸನೆ ತಡೆಯುತ್ತದೆಂದು ಕಾಲುಚೀಲಕ್ಕೂ ಬಂತು. ಮದರಾಸಿನ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ಬೆಳ್ಳಿಯ ನ್ಯಾನೋ ಕಣಗಳನ್ನು ನೀರು ಶುದ್ಧಿಗೆ ಬಳಸುವುದರಲ್ಲಿ ದೊಡ್ಡ ಹೆಸರು. ಅಲ್ಲಿ ಕಣ ಫಿಲ್ಟರಿನೊಳಗೇ ಹಿಡಿದಿಟ್ಟಂತೆ ಇರುತ್ತದೆ. ಕಾಲುಚೀಲದ ಕಥೆ ಹಾಗಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2008ರಲ್ಲಿ ಒಗೆದು ನೋಡಿದಾಗ ಕೆಲವು ಕಾಲುಚೀಲಗಳು ನಾಲ್ಕೇ ಒಗೆತಕ್ಕೆ ಹೆಚ್ಚುಕಡಿಮೆ ಎಲ್ಲ ಬೆಳ್ಳಿಯನ್ನೂ ಕಳೆದುಕೊಂಡವು. ಆ ಬೆಳ್ಳಿ ಚರಂಡಿಗೆ ಹೋಗುತ್ತದೆ. ಚರಂಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕವಿರುತ್ತದಲ್ಲ, ಅದು ಬೆಳ್ಳಿಯನ್ನು ಹಿಡಿದು ಸಲ್ಫೈಡ್ ಮಾಡುತ್ತದೆ. ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಬೆಳ್ಳಿಯ ಸಲ್ಫೈಡ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಗಬ್ಬು ಚರಂಡಿಯೂ ಒಂದು ಉಪಕಾರ ಮಾಡುತ್ತದೆ ಎಂದರೆ ನಂಬುವುದು ಕಷ್ಟ.

ಹಾಗೆಂದು ಸಮಾಧಾನ ಪಡುವಂತಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಪ್ರಯೋಗಕ್ಕೆಂದೇ ಕಾದಿಟ್ಟ ಕೆರೆಗಳಿವೆ. ಅವುಗಳಲ್ಲಿ 222ನೇ ಸಂಖ್ಯೆಯ ಕೆರೆಗೆ 2014 ಮತ್ತು 2015ರ ಬೇಸಿಗೆಗಳಲ್ಲಿ ವಿಜ್ಞಾನಿಗಳು ಬೆಳ್ಳಿಯ ನ್ಯಾನೋ ಕಣಗಳನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಬೆಳ್ಳಿ ಪೈಕ್ ಮೀನಿನ ಪಿತ್ತಜನಕಾಂಗದಲ್ಲಿ ಸೇರಿಕೊಂಡಿತು. ಪರ್ಚ್ ಎಂಬ ಚಿಕ್ಕ ಮೀನುಗಳ ಸಂಖ್ಯೆ ಇಳಿದದ್ದನ್ನೂ ಅವರು ಕಂಡರು. ಅದು ಮೃದು ನೀರಿನ, ಗಂಧಕದ ಚರಂಡಿ ಸೇರದ ಶುದ್ಧ ಕೆರೆ. ಗಡಸು ನೀರಿನಲ್ಲಾದರೆ ನ್ಯಾನೋ ಕಣಗಳು ಒಂದಕ್ಕೊಂದು ಮುದ್ದೆಗಟ್ಟಿ, ಜೇಡಿಗೂ ಅಂಟಿ, ಬೇಗ ತಳ ಸೇರುತ್ತವೆ. ರಾಡಿ ನೀರಿಗೆ ಪಟಿಕ ತಿರುವಿದರೆ ತಿಳಿಯಾಗುವುದೂ ಹೀಗೆಯೇ. ಕಣಗಳ ನಡುವಿನ ಪರಸ್ಪರ ವಿಕರ್ಷಣೆಯನ್ನು ಅಡಗಿಸುವ ಕೆಲಸವನ್ನು ಅಲ್ಲಿ ಪಟಿಕ ಮಾಡುತ್ತದೆ, ಇಲ್ಲಿ ಕ್ಯಾಲ್ಸಿಯಂ.

ತಳ ಸೇರಿತು ಎಂದರೆ ಕಥೆ ಮುಗಿಯಿತೇ? ಮಲಿಕ್ ಸಂದಲ್ 1620ರಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೋಡಬೇಕು. ಊರಿನ ಗಣಪತಿಗಳನ್ನು ಬಹಳ ವರ್ಷ ಅದರಲ್ಲಿಯೇ ವಿಸರ್ಜಿಸುತ್ತಿದ್ದರು. ಮೂರ್ತಿಗಳ ಹೊಳೆಯುವ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ, ಕ್ರೋಮಿಯಂಗಳಿರುವುದು ಹೊಸ ಸಂಗತಿಯೇನಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ, ಮತ್ತೆ 2020ರಲ್ಲಿ ವಿಸರ್ಜನೆಗೆ ನಿಯಮಗಳನ್ನು ಹೊರಡಿಸಿದ್ದು ಇದಕ್ಕಾಗಿಯೇ. 2017ರ ಆಸುಪಾಸಿನಲ್ಲಿ ಬಾವಡಿಯ ಹೂಳು ತೆಗೆಸಲಾಯಿತು. ದಖ್ಖನಿನ ಪುರಾತನ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ 2020ರ ತನ್ನ ಪಟ್ಟಿಗೆ ಸೇರಿಸಿಕೊಂಡಾಗ ವಿಜಯಪುರದವರು ಹಿಗ್ಗಿದ್ದು ಸರಿಯೇ.

ಬಾವಡಿಯ, ಕೆರೆಯ ತಳದಲ್ಲಿ ಲೋಹ ಸುಮ್ಮನೆ ಮಲಗಿರುವುದಿಲ್ಲ. ನೀರಿನಲ್ಲಿ ಆಮ್ಲಜನಕ ಇರುವವರೆಗೆ ಹೂಳಿನ ಮೇಲ್ಪದರದಲ್ಲಿ ಕಬ್ಬಿಣದ ತುಕ್ಕು ಇರುತ್ತದೆ, ಅದು ಲೋಹಗಳನ್ನು ಸ್ಪಂಜಿನಂತೆ ಹಿಡಿದಿರುತ್ತದೆ. ಪಾಚಿ, ಕೊಳಚೆ ಹೆಚ್ಚಿ ತಳದ ಆಮ್ಲಜನಕ ತೀರಿತೆಂದರೆ ತುಕ್ಕು ಕರಗುತ್ತದೆ, ಹಿಡಿದದ್ದನ್ನು ಬಿಡುತ್ತದೆ. ಅಲ್ಲಿ ಗಂಧಕ ಇದ್ದರೆ ತಾಮ್ರ, ಸೀಸಗಳು ಸಲ್ಫೈಡಾಗಿ ಮತ್ತೆ ಕಟ್ಟುಬೀಳುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿ ಆ ಕಪ್ಪು ಹೂಳು ಗಾಳಿಗೆ ತೆರೆದುಕೊಂಡಾಗ ಸಲ್ಫೈಡ್ ಒಡೆದು ಲೋಹ ಮತ್ತೊಮ್ಮೆ ಬಿಡುಗಡೆ. ಕೆರೆಯ ಹೂಳು ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗುವುದೂ ಅದೇ ಬೇಸಿಗೆಯಲ್ಲಿ. ಹೊಲಕ್ಕೆ ಹೂಳು ಹೊಡೆಯುವುದು ಬಯಲುಸೀಮೆಯ ಬಲು ಒಳ್ಳೆಯ ಪದ್ಧತಿ, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಹಳ್ಳಿಯ ಕೆರೆಯ ಹೂಳು ಒಂದು, ಬಣ್ಣದ ಮೂರ್ತಿ ಮತ್ತು ಊರ ಚರಂಡಿ ಕಂಡ ಬಾವಡಿಯ ಹೂಳು ಇನ್ನೊಂದು. ಎರಡನೆಯದನ್ನು ತರಕಾರಿ ಮಡಿಗೆ ಹಾಕುವ ಮೊದಲು ಒಂದು ಬೊಗಸೆಯನ್ನು ಪರೀಕ್ಷೆಗೆ ಕಳಿಸುವುದು ದುಬಾರಿಯ ಬಾಬತ್ತಲ್ಲ.

ಎಲ್ಲ ಲೋಹಗಳೂ ಒಂದೇ ರೀತಿ ನಡೆದುಕೊಂಡಿದ್ದರೆ ಕೆಲಸ ಹಗುರವಾಗುತ್ತಿತ್ತು. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಕಪ್ಪು ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಂಟು ಕಾಣಿಸಿಕೊಂಡದ್ದು ಆರ್ಸೆನಿಕ್‌ನಿಂದ. ಹತ್ತಿರದಲ್ಲಿ ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿ. ಚಿನ್ನದ ಅದಿರಿನೊಂದಿಗೆ ಆರ್ಸೆನಿಕ್ ಬೆರೆತಿರುವುದು ಸಾಮಾನ್ಯ. ಬಂಗಾಳದ ಆರ್ಸೆನಿಕ್ ಪಿಡುಗನ್ನು ಲೋಕಕ್ಕೆ ತಿಳಿಸಿದ ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿಯ ಸ್ಥಿತಿಯನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ನೀರಿನಲ್ಲಿ ಋಣಾವೇಶ ಹೊತ್ತಿರುತ್ತದೆ. ಆದ್ದರಿಂದ ಅದರ ಗುಣ ತಾಮ್ರಕ್ಕೆ ತಿರುಗುಮುರುಗು. ತಾಮ್ರವನ್ನು ಕಟ್ಟಿಹಾಕುವ ಕ್ಷಾರ ನೀರೇ ಆರ್ಸೆನಿಕ್ಕನ್ನು ಕಲ್ಲು ಮಣ್ಣುಗಳಿಂದ ಸಡಿಲಿಸುತ್ತದೆ. ಗಡಸು ನೀರಿನ ಒಳ್ಳೆಯತನವನ್ನು ನಂಬಿ ಕೂರುವವರು ಈ ತಾಂಡಾವನ್ನು ಮರೆಯಬಾರದು.

ಈಗ ತೋಟಕ್ಕೆ ಹೊಸ ಅತಿಥಿ ಬಂದಿದೆ. 2021ರಲ್ಲಿ ಇಫ್ಕೋ ಸಂಸ್ಥೆ ನ್ಯಾನೋ ಯೂರಿಯಾವನ್ನು ಬಾಟಲಿಯಲ್ಲಿ ತಂದಿತು. 2024ರಲ್ಲಿ ಅದೇ ಸಂಸ್ಥೆಯ ದ್ರವರೂಪದ ನ್ಯಾನೋ ಸತು, ನ್ಯಾನೋ ತಾಮ್ರಗಳಿಗೂ ಗೊಬ್ಬರವೆಂದು ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. ಪ್ರಮಾಣ ಕಡಿಮೆ ಸಾಕು ಎಂಬುದು ಇವುಗಳ ಪರವಾದ ವಾದ, ಅದರಲ್ಲಿ ತಿರುಳಿದೆ. ಬ್ಯಾರಲ್‌ಗಟ್ಟಲೆ ಮೈಲುತುತ್ತದ ಎದುರು ಒಂದು ಬಾಟಲಿಯ ತಾಮ್ರ ಯಾವ ಲೆಕ್ಕ? ಆದರೆ ನ್ಯಾನೋ ತಾಮ್ರ ನೀರಿಗೆ ಬಿದ್ದ ಮೇಲೆ ಕಣವಾಗಿಯೇ ಉಳಿಯುತ್ತದೆಯೋ, ಕರಗಿ ಅಯಾನಾಗುತ್ತದೆಯೋ, ಮುದ್ದೆಗಟ್ಟುತ್ತದೆಯೋ ಎಂಬುದು ಆಯಾ ನೀರನ್ನು ಅವಲಂಬಿಸಿದೆ. ತಾಮ್ರದ ಆಕ್ಸೈಡ್ ಕಣ ನಿಧಾನವಾಗಿ ಕರಗುತ್ತದೆ, ಸತುವಿನ ಆಕ್ಸೈಡ್ ಬೇಗ. ನೀರುಚಿಗಟ ಆ ಕಣವನ್ನು ಪಾಚಿಯೊಂದಿಗೆ ನುಂಗಿದರೆ ಅದು ಹೊಟ್ಟೆಯೊಳಗೆ ಕರಗಬಹುದು. ಹೊರಗಿನ ನೀರು ಶುದ್ಧವಾಗಿಯೇ ಇರುತ್ತದೆ. ಕೃಷಿಯ ನ್ಯಾನೋ ಪದಾರ್ಥಗಳನ್ನು ಪರೀಕ್ಷಿಸಲು ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪರೀಕ್ಷೆಗೆ ಬಳಸುವ ನೀರು ದೆಹಲಿಯ ಪ್ರಯೋಗಾಲಯದ್ದಷ್ಟೇ ಆಗಿರದೆ ಮಮದಾಪುರ ಕೆರೆಯದ್ದೂ, ಶೃಂಗೇರಿಯ ಹೊಳೆಯದ್ದೂ ಆಗಿದ್ದರೆ ಉತ್ತರ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ.

ಹುಡುಕುವವರಿಗೆ ವಿಜಯಪುರದಲ್ಲಿ ಇನ್ನೊಂದು ತೊಡಕು. ಸ್ವಿಟ್ಜರ್ಲೆಂಡಿನಲ್ಲಿ 2008ರಲ್ಲಿ ಮನೆಯ ಗೋಡೆಯ ಬಣ್ಣದಿಂದ ಮಳೆನೀರಿಗೆ ಟೈಟಾನಿಯಂ ಡೈಆಕ್ಸೈಡಿನ ನ್ಯಾನೋ ಕಣ ತೊಳೆದುಹೋಗುವುದನ್ನು ಕಂಡುಹಿಡಿದರು. ಅದೇ ಹುಡುಕಾಟವನ್ನು ದಖ್ಖನಿನ ಕೆರೆಯಲ್ಲಿ ನಡೆಸಿದರೆ ಸಾಸಿವೆಯ ರಾಶಿಯಲ್ಲಿ ಸಾಸಿವೆ ಹುಡುಕಿದಂತೆ. ಬಸಾಲ್ಟ್ ಕಲ್ಲಿನಲ್ಲಿಯೇ ನೂರಕ್ಕೆ ಎರಡು ಪಾಲಿನಷ್ಟು ಟೈಟಾನಿಯಂ ಡೈಆಕ್ಸೈಡ್ ಇದೆ. ತಾಮ್ರವೂ ಕಿಲೋಗೆ ನೂರು ಮಿಲಿಗ್ರಾಂ ಆಸುಪಾಸಿನಲ್ಲಿದೆ. ಹೂಳಿನಲ್ಲಿ ಸಿಕ್ಕ ತಾಮ್ರವೆಲ್ಲ ತೋಟದ್ದು ಎಂದು ರೈತನ ತಲೆಗೆ ಕಟ್ಟುವುದೂ ತಪ್ಪು. ತೋಟಗಳೇ ಇಲ್ಲದ ಕಡೆಯ ಕೆರೆಯೊಂದರ ಹೂಳನ್ನು ಪಕ್ಕದಲ್ಲಿಟ್ಟು ಹೋಲಿಸಿದ ಮೇಲೆಯೇ ಮಾತಾಡಬೇಕು.

ಹೋಲಿಸುವುದಕ್ಕೆ ಇದು ಸರಿಯಾದ ಕಾಲವೂ ಹೌದು. ಆಲಮಟ್ಟಿಯ ಹಿನ್ನೀರು, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದಾಗಿ ಒಣಗಿ ನಿಂತಿದ್ದ ಕೆರೆಗಳಿಗೆ ಕೃಷ್ಣೆಯ ನೀರು ಬಂದಿದೆ. ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡವರ ತೋಟಗಳ ಪಕ್ಕದಲ್ಲಿ ಈಗ ಕಾಲುವೆ. ದ್ರಾಕ್ಷಿ ಹೆಚ್ಚುತ್ತಿದೆ, ಕೆರೆಗಳಲ್ಲಿ ಮೀನು ಬಿಡುತ್ತಿದ್ದಾರೆ. ನೀರು ಪರೀಕ್ಷೆಯ ವರದಿಯಲ್ಲಿ ತಾಮ್ರ ಇಷ್ಟು ಎಂಬ ಒಂದೇ ಅಂಕಿ ಇದ್ದರೆ ಅದರಿಂದ ಮೀನಿನ ಗತಿ ಗೊತ್ತಾಗುವುದಿಲ್ಲ. ಕೆರೆಯ ದಂಡೆಯಲ್ಲಿಯೇ ಒಂದು ಬಾಟಲಿ ಸೋಸಿ, ಒಂದು ಬಾಟಲಿ ಸೋಸದೆ ತುಂಬಿಕೊಂಡು, ಗಡಸುತನ, ಕ್ಷಾರತೆ, ಸಾವಯವ ಇಂಗಾಲ ಇವನ್ನೂ ಜೊತೆಗೆ ಅಳೆದರೆ ಲೆಕ್ಕ ಹಾಕಲು ಬರುತ್ತದೆ. ಇದಕ್ಕೆ ಬೇಕಾದ ಸಲಕರಣೆ ವಿಶ್ವವಿದ್ಯಾಲಯಗಳಲ್ಲಿ ಸಿಗುವಂಥದ್ದೇ.

ಸಿಂಪಡಣೆ ಮುಗಿದ ಸಂಜೆ ಬ್ಯಾರಲ್‌ನ ತಳದಲ್ಲಿ ಒಂದಿಷ್ಟು ನೀಲಿ ದ್ರಾವಣ ಉಳಿಯುತ್ತದೆ. ಹತ್ತು ಲೀಟರ್ ಎನ್ನಿ. ಅದರಲ್ಲಿ 25 ಗ್ರಾಂ ತಾಮ್ರ. ಮೃದು ನೀರಿನಲ್ಲಿ 25 ಲಕ್ಷ ಲೀಟರನ್ನು ನೀರುಚಿಗಟಕ್ಕೆ ಅಪಾಯದ ಮಟ್ಟಕ್ಕೆ ಏರಿಸಲು ಅಷ್ಟು ಸಾಕು. ಗಡಸು ನೀರಿನಲ್ಲಿ ಅಷ್ಟೊಂದು ಆಗಲಿಕ್ಕಿಲ್ಲ. ಆದರೂ ಬ್ಯಾರಲ್ ತೊಳೆಯುವುದು ಸಾಮಾನ್ಯವಾಗಿ ನೀರು ಸುಲಭವಾಗಿ ಸಿಗುವ ಕಡೆ, ಅಂದರೆ ಕಾಲುವೆಯ ಅಂಚಿನಲ್ಲಿ, ಕೃಷಿಹೊಂಡದ ಪಕ್ಕದಲ್ಲಿ. ನಾಲ್ಕು ಹೆಜ್ಜೆ ಆಚೆ ಎರೆಮಣ್ಣಿನ ಹೊಲದಲ್ಲಿ ಚೆಲ್ಲಿದರೆ ಜೇಡಿ ಅದನ್ನು ಹಿಡಿದುಕೊಳ್ಳುತ್ತದೆ.